ಹತ್ತು ಸಾವಿರ ರೂಪಾಯಿ ಮತ್ತು ಶೇಕಡ ಎಪ್ಪತ್ತರ ಪಾಲು

ಕಳೆದ ಕೆಲವು ವರ್ಷಗಳಿಂದ ಲೆಕ್ಕಪರಿಶೋಧಕರ ಕಚೇರಿಗಳಿಗೆ ಬರುವ ಯುವ ಉದ್ದಿಮೆದಾರರ ಬಾಯಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಹಿಂದೆ ‘ಸಾಲ ಎಷ್ಟು ಸಿಕ್ಕೀತು?’ ಎಂದು ವಿಚಾರಿಸುತ್ತಿದ್ದವರ ಮಕ್ಕಳು ಈಗ ‘ನಮ್ಮ ಕಂಪೆನಿಯ ವ್ಯಾಲ್ಯುಯೇಷನ್ ಎಷ್ಟಾದೀತು?’ ಎಂದು ಕೇಳುತ್ತಾರೆ. ಕಂಪೆನಿ ಇನ್ನೂ ನೋಂದಣಿಯಾಗಿರುವುದಿಲ್ಲ, ಜಿ.ಎಸ್.ಟಿ. ರಿಟರ್ನ್ ಎರಡು ತಿಂಗಳು ಬಾಕಿ ಇರುತ್ತದೆ, ಆದರೂ ಮೌಲ್ಯದ ಅಂದಾಜು ಬೇಕು. ಇದಕ್ಕೆ ಕಾರಣ ದೂರದರ್ಶನದ ಹೂಡಿಕೆ ಕಾರ್ಯಕ್ರಮಗಳು. 2001ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಮಾದರಿ 2005ರಲ್ಲಿ ಇಂಗ್ಲೆಂಡಿಗೂ 2009ರಲ್ಲಿ ಅಮೆರಿಕಕ್ಕೂ 2016ರಲ್ಲಿ ಮೆಕ್ಸಿಕೋಗೂ ಹೋಗಿ, 2021ರ ಡಿಸೆಂಬರ್‌ನಲ್ಲಿ ‘ಶಾರ್ಕ್ ಟ್ಯಾಂಕ್ ಇಂಡಿಯಾ’ ಎಂಬ ಹೆಸರಿನಲ್ಲಿ ನಮ್ಮ ಮನೆಗಳ ನಡುಮನೆಗೆ ಬಂದಿತು. ಯಶಸ್ವಿ ಉದ್ಯಮಿಗಳು ಸಾಲಾಗಿ ಕುರ್ಚಿಯಲ್ಲಿ ಕುಳಿತು, ಎದುರಿಗೆ ನಿಂತ ಹೊಸಬರ ಲೆಕ್ಕ ಕೇಳಿ, ‘ಇಷ್ಟು ಹಣ, ಇಷ್ಟು ಪಾಲು’ ಎಂದು ಅಲ್ಲಿಯೇ ವ್ಯವಹಾರ ಕುದುರಿಸುತ್ತಾರೆ. ಮೆಕ್ಸಿಕೋದಲ್ಲಾಗಲಿ ಭಾರತದಲ್ಲಾಗಲಿ ಆ ಕುರ್ಚಿಗಳಲ್ಲಿ ಮಹಿಳೆಯರೂ ಸಮಾನರಾಗಿ ಕುಳಿತಿರುವುದು ಸಂತೋಷದ ಸಂಗತಿ. ನಮ್ಮಲ್ಲಿನ ಹೂಡಿಕೆದಾರರ ಪೈಕಿ ಪುಣೆಯ ನಮಿತಾ ಥಾಪರ್ ಅವರು ಚಾರ್ಟರ್ಡ್ ಅಕೌಂಟೆಂಟ್ ಎಂಬುದನ್ನು, ವೃತ್ತಿಬಾಂಧವನೆಂಬ ಸಣ್ಣ ಅಭಿಮಾನದಿಂದ, ಇಲ್ಲಿ ಸೇರಿಸುತ್ತೇನೆ.

ಕಾರ್ಯಕ್ರಮದ ಬಗ್ಗೆ ನನ್ನ ತಕರಾರೇನೂ ಇಲ್ಲ. ನಮ್ಮ ಮಕ್ಕಳು ಧಾರಾವಾಹಿ ಬಿಟ್ಟು ಒಟ್ಟು ಲಾಭ, ನಿವ್ವಳ ಲಾಭಗಳ ವ್ಯತ್ಯಾಸ ಕಲಿಯುವುದಾದರೆ ಅದು ಲಾಭವೇ. ಆದರೆ ಆ ಪರದೆಯ ಮೇಲೆ ಹತ್ತು ನಿಮಿಷದಲ್ಲಿ ಮುಗಿಯುವ ವ್ಯವಹಾರವು ನಿಜದಲ್ಲಿ ಒಂದು ಉದ್ಯಮದ ಇಡೀ ಆಯುಷ್ಯವನ್ನು ನಿರ್ಧರಿಸುವಂಥದ್ದು. ಪಾಲು ಎಂದರೇನು, ಅದನ್ನು ಯಾರಿಗೆ, ಯಾವಾಗ, ಎಷ್ಟಕ್ಕೆ ಕೊಡಬೇಕು ಎಂಬುದನ್ನು ತಿಳಿಯಲು ಮೆಕ್ಸಿಕೋವರೆಗೆ ಹೋಗಬೇಕಾಗಿಲ್ಲ. ರಾಮನಗರದಿಂದ ಒಂದು ಗಂಟೆಯ ಹಾದಿಯಲ್ಲಿ, ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಮಹಿಳೆಯ ವ್ಯವಹಾರ ಚರಿತ್ರೆ ನಮ್ಮ ಮುಂದಿದೆ. ಬಯೋಕಾನ್ ಸಂಸ್ಥಾಪಕಿ ಕಿರಣ್ ಮಜುಂದಾರ್-ಶಾ ಅವರ ಬಗ್ಗೆ ಅಭಿನಂದನಾ ಲೇಖನಗಳು ಸಾಕಷ್ಟು ಬಂದಿವೆ. ಲೆಕ್ಕದ ಪುಸ್ತಕದ ಕಡೆಯಿಂದ ಅವರ ಬದುಕನ್ನು ನೋಡಿದವರು ಕಡಿಮೆ. ಆ ಪ್ರಯತ್ನ ಈ ಲೇಖನದ್ದು.

1953ರ ಮಾರ್ಚ್ 23ರಂದು ಬೆಂಗಳೂರಿನಲ್ಲಿ ಜನಿಸಿದ ಕಿರಣ್ ಅವರ ತಂದೆ ರಸೇಂದ್ರ ಮಜುಂದಾರ್ ಅವರು ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್ ಆಗಿದ್ದವರು; ಅಂದರೆ ಬಿಯರ್ ತಯಾರಿಕೆಯ ತಾಂತ್ರಿಕ ಹೊಣೆ ಹೊತ್ತವರು. ಬಿಷಪ್ ಕಾಟನ್ ಬಾಲಕಿಯರ ಶಾಲೆ, ಮೌಂಟ್ ಕಾರ್ಮೆಲ್ ಕಾಲೇಜುಗಳಲ್ಲಿ ಓದಿ 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದ ಪದವಿ ಪಡೆದರು. ವೈದ್ಯೆಯಾಗುವ ಆಸೆ ಕೈಗೂಡಲಿಲ್ಲ. ತಂದೆಯ ಸಲಹೆಯಂತೆ ಆಸ್ಟ್ರೇಲಿಯಾದ ಬ್ಯಾಲರಾಟ್‌ಗೆ ಹೋಗಿ ಬ್ರೂಯಿಂಗ್ ಶಾಸ್ತ್ರ ಕಲಿತರು. ಆ ತರಗತಿಯಲ್ಲಿದ್ದ ಏಕೈಕ ಮಹಿಳೆ ಅವರೇ. ಮರಳಿ ಬಂದು ಕೋಲ್ಕತ್ತ, ಬರೋಡಗಳಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರಾದರೂ, ಬ್ರೂಮಾಸ್ಟರ್ ಹುದ್ದೆ ಕೇಳಿದಲ್ಲೆಲ್ಲ ‘ಇದು ಗಂಡಸರ ಕೆಲಸ’ ಎಂಬ ಉತ್ತರವೇ ಬಂದಿತು.

ವಿದೇಶದಲ್ಲಿಯೇ ಕೆಲಸ ಹುಡುಕಲು ಸಿದ್ಧರಾಗಿದ್ದಾಗ ಐರ್ಲೆಂಡಿನ ಕಾರ್ಕ್ ನಗರದ ಬಯೋಕಾನ್ ಬಯೋಕೆಮಿಕಲ್ಸ್ ಸಂಸ್ಥೆಯ ಸ್ಥಾಪಕ ಲೆಸ್ಲಿ ಆಕಿನ್‌ಕ್ಲಾಸ್ ಅವರ ಪರಿಚಯವಾಯಿತು. ಬಿಯರ್, ಆಹಾರ, ಜವಳಿ ಉದ್ಯಮಗಳಿಗೆ ಕಿಣ್ವಗಳನ್ನು, ಅಂದರೆ ಎಂಜೈಮ್‌ಗಳನ್ನು ಪೂರೈಸುತ್ತಿದ್ದ ಆ ಸಂಸ್ಥೆಗೆ ಭಾರತದಲ್ಲಿ ಒಬ್ಬ ಪಾಲುದಾರರು ಬೇಕಾಗಿದ್ದರು. ಆರು ತಿಂಗಳಲ್ಲಿ ಈ ಕೆಲಸ ಒಗ್ಗದಿದ್ದರೆ ಬ್ರೂಮಾಸ್ಟರ್ ಹುದ್ದೆಯೊಂದನ್ನು ಕೊಡಿಸುವ ಭರವಸೆ ಪಡೆದೇ ಕಿರಣ್ ಒಪ್ಪಿದರು. ಅಲ್ಲಿ ತರಬೇತಿ ಪಡೆದು ಬಂದು, 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಇಂಡಿಯಾ ಆರಂಭಿಸಿದರು. ಆಗ ಅವರ ವಯಸ್ಸು 25.

ಈ ಹತ್ತು ಸಾವಿರದ ಕಥೆಯನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಪುರಾಣದಂತೆ ಹೇಳುವ ರೂಢಿಯಾಗಿಬಿಟ್ಟಿದೆ. ಲೆಕ್ಕಿಗನಾಗಿ ನಾನು ಇದನ್ನು ಒಪ್ಪುವುದಿಲ್ಲ. ಹತ್ತು ಸಾವಿರ ಎಂಬುದು ನಗದು ಖಾತೆಯ ಅಂಕಿ ಮಾತ್ರ. ಜಮಾಖರ್ಚಿನ ಪುಸ್ತಕದಲ್ಲಿ ಕಾಣದ ಆಸ್ತಿಗಳು ಅವರಲ್ಲಿ ಇನ್ನೂ ಮೂರಿದ್ದವು. ತಂದೆಯಿಂದಲೂ ಆಸ್ಟ್ರೇಲಿಯಾದಿಂದಲೂ ಬಂದ ಹುದುಗುವಿಕೆಯ ಶಾಸ್ತ್ರಜ್ಞಾನ ಒಂದು. ಇಂಗ್ಲಿಷ್ ಬಲ್ಲ, ನಗರದ ಗಣ್ಯರ ಪರಿಚಯವಿದ್ದ ಕುಟುಂಬ ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮಾಲು ತಯಾರಾಗುವ ಮೊದಲೇ ಕೊಳ್ಳುವವರು ನಿಶ್ಚಿತರಾಗಿದ್ದರು. ಮಾರುಕಟ್ಟೆ ಹುಡುಕುವ ಖರ್ಚು ಇಲ್ಲದ ಉದ್ಯಮಕ್ಕೆ ಹತ್ತು ಸಾವಿರವೂ ದೊಡ್ಡ ಮೊತ್ತವೇ. ಕೊಳ್ಳುವವರಿಲ್ಲದ ಉದ್ಯಮಕ್ಕೆ ಹತ್ತು ಕೋಟಿಯೂ ಸಾಲದು. ‘ಅವರು ಹತ್ತು ಸಾವಿರದಲ್ಲಿ ಮಾಡಿದರು, ನಾನೂ ಮಾಡುತ್ತೇನೆ’ ಎನ್ನುವ ಯುವಕರಿಗೆ ನಾನು ಮೊದಲು ಕೇಳುವುದು ಆರ್ಡರ್ ಪತ್ರ ಎಲ್ಲಿದೆ ಎಂಬುದನ್ನು.

ಹಾಗೆಂದು ಅವರ ಹಾದಿ ಸುಗಮವಾಗಿತ್ತೆಂದಲ್ಲ. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು: ಅಡಮಾನಕ್ಕೆ ಆಸ್ತಿಯಿಲ್ಲ, ಬಯೋಟೆಕ್ನಾಲಜಿ ಎಂಬುದನ್ನು ಯಾರೂ ಕೇಳಿರಲಿಲ್ಲ, ಅರ್ಜಿದಾರರು ಹೆಣ್ಣುಮಗಳು. ಕೆಲಸಕ್ಕೆ ಬರಲೂ ಜನ ಹಿಂದೆಮುಂದೆ ನೋಡಿದರು. ಅವರ ಮೊದಲ ನೌಕರ ಒಬ್ಬ ನಿವೃತ್ತ ಗ್ಯಾರೇಜ್ ಮೆಕ್ಯಾನಿಕ್. ಕಾರ್ಖಾನೆ ಎಂದರೆ 3,000 ಚದರ ಅಡಿಯ ಒಂದು ಶೆಡ್. ಕೊನೆಗೆ ಒಂದು ಸಮಾರಂಭದಲ್ಲಿ ಭೇಟಿಯಾದ ಬ್ಯಾಂಕ್ ಅಧಿಕಾರಿಯೊಬ್ಬರ ಬೆಂಬಲದಿಂದ ಮೊದಲ ಆರ್ಥಿಕ ನೆರವು ದೊರಕಿತು. ಸಮಾರಂಭದಲ್ಲಿ ಎಂಬ ಮಾತನ್ನು ಓದುಗರು ಗಮನಿಸಬೇಕು. ಬ್ಯಾಂಕಿನ ಕೌಂಟರ್‌ನಲ್ಲಿ ಸಿಗದ ಸಾಲ ಸಮಾರಂಭದಲ್ಲಿ ಸಿಕ್ಕಿತು. ಅಂಥ ಸಮಾರಂಭಗಳಿಗೆ ಆಹ್ವಾನವೇ ಇಲ್ಲದ ಚನ್ನಪಟ್ಟಣದ ಬೊಂಬೆ ಕುಶಲಕರ್ಮಿ ಮಹಿಳೆ ಏನು ಮಾಡಬೇಕು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ಸರಕುಗಳು ಎರಡು. ಪರಂಗಿ ಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ಕೆಲವು ಜಾತಿಯ ಮೀನುಗಳ ಗಾಳಿಚೀಲದಿಂದ ತಯಾರಾಗುವ, ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್. ಒಂದು ಹೊಲದ್ದು, ಇನ್ನೊಂದು ಮೀನು ಸಂಸ್ಕರಣೆಯಲ್ಲಿ ಬಿಸಾಡುವ ವಸ್ತು. ಯಾರೂ ಬೆಲೆ ಕಟ್ಟದ ಪದಾರ್ಥವನ್ನು ಶುದ್ಧೀಕರಿಸಿ, ಗುಣಮಟ್ಟದ ಪ್ರಮಾಣಪತ್ರದೊಂದಿಗೆ ಅಮೆರಿಕ, ಯೂರೋಪುಗಳಿಗೆ ರಫ್ತು ಮಾಡಿದ ಭಾರತದ ಮೊದಲ ಕಿಣ್ವ ಕಂಪೆನಿ ಅದು. ಅದೂ ಒಂದೇ ವರ್ಷದೊಳಗೆ. ಬಂದ ಲಾಭದಲ್ಲಿ ಅವರು 20 ಎಕರೆ ಜಮೀನು ಕೊಂಡರು. ಕಾರು ಕೊಂಡರೆಂಬ ಉಲ್ಲೇಖ ಎಲ್ಲಿಯೂ ಇಲ್ಲ. ರಾಮನಗರದ ನೂಲು ಬಿಚ್ಚುವ ಘಟಕಗಳಲ್ಲಿ ರೇಷ್ಮೆ ತೆಗೆದ ಮೇಲೆ ಉಳಿಯುವ ಪ್ಯೂಪಾ, ಗೂಡು ಬೇಯಿಸಿದ ನೀರಿನೊಂದಿಗೆ ಚರಂಡಿಗೆ ಹರಿದುಹೋಗುವ ಸೆರಿಸಿನ್ ಎಂಬ ಅಂಟು, ಇವು ನೆನಪಾಗದೆ ಇರಲಾರವು. ಸೆರಿಸಿನ್‌ಗೆ ಸೌಂದರ್ಯ ಸಾಧನಗಳ ಉದ್ಯಮದಲ್ಲಿ ಬೇಡಿಕೆ ಇದೆ. ನಮ್ಮಲ್ಲಿ ಅದು ವಾಸನೆಯ ಸಮಸ್ಯೆ. ಪುರಸಭೆಯ ನೋಟಿಸಿನ ವಿಷಯ.

ಈಗ ಪಾಲಿನ ವಿಷಯ. ವಿದೇಶಿ ಬಂಡವಾಳದ ಮೇಲೆ ಆಗ ಬಿಗಿಯಾದ ಮಿತಿಗಳಿದ್ದುದರಿಂದ ಐರಿಷ್ ಸಂಸ್ಥೆಗೆ ಶೇ. 30, ಕಿರಣ್ ಅವರಿಗೆ ಶೇ. 70 ಎಂದು ಪಾಲು ಹಂಚಿಕೆಯಾಯಿತು. ಆ ಕಾಲದ ಕಾನೂನುಗಳನ್ನು ನಾವು ವ್ಯಾಪಾರಿಗಳು ಬಯ್ಯುವುದು ಹೆಚ್ಚು, ಹೊಗಳುವುದು ಕಡಿಮೆ. ಆದರೆ ಆ ಮಿತಿ ಇಲ್ಲದಿದ್ದರೆ, ತಂತ್ರಜ್ಞಾನವೂ ಮಾರುಕಟ್ಟೆಯೂ ಐರಿಷ್ ಸಂಸ್ಥೆಯ ಕೈಯಲ್ಲಿರುವಾಗ, ಇಪ್ಪತ್ತೈದು ವಯಸ್ಸಿನ ಪಾಲುದಾರಳಿಗೆ ಶೇ. 70 ದಕ್ಕುತ್ತಿತ್ತೇ? ಚೌಕಾಸಿಯಲ್ಲಿ ಗೆದ್ದದ್ದಲ್ಲ ಅದು, ಕಾನೂನಿನಿಂದ ಒದಗಿದ್ದು. ಅದರ ಬೆಲೆ ಗೊತ್ತಾದದ್ದು ಹನ್ನೊಂದು ವರ್ಷಗಳ ನಂತರ.

1989ರಲ್ಲಿ ಆಕಿನ್‌ಕ್ಲಾಸ್ ಅವರು ತಮ್ಮ ಐರಿಷ್ ಕಂಪೆನಿಯನ್ನು ಯೂನಿಲಿವರ್‌ಗೆ ಮಾರಿದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಪಾಲುದಾರ ಬದಲಾಗಿದ್ದಾರೆ. ಪರಿಚಿತ ಸ್ನೇಹಿತರ ಜಾಗದಲ್ಲಿ ಬಹುರಾಷ್ಟ್ರೀಯ ಸಂಸ್ಥೆ. 1997ರಲ್ಲಿ ಯೂನಿಲಿವರ್ ಕೂಡ ತನ್ನ ವಿಶೇಷ ರಾಸಾಯನಿಕಗಳ ವಿಭಾಗವನ್ನು ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಗೆ ಮಾರಿತು. ಹತ್ತು ವರ್ಷಗಳೊಳಗೆ ಮೂವರು ಪಾಲುದಾರರು, ಅವರಲ್ಲಿ ಇಬ್ಬರು ತಾವಾಗಿ ಆರಿಸಿಕೊಂಡವರಲ್ಲ. ಕಿರಣ್ ಅವರ ಬಳಿ ಬಹುಮತದ ಪಾಲು ಇಲ್ಲದಿದ್ದರೆ ಬಯೋಕಾನ್ ಇಂಡಿಯಾ ಒಂದು ಬಹುರಾಷ್ಟ್ರೀಯ ಕಂಪೆನಿಯ ಬೆಂಗಳೂರು ಶಾಖೆಯಾಗಿ ಉಳಿಯುತ್ತಿತ್ತು ಅಥವಾ ಮುಚ್ಚಿಹೋಗುತ್ತಿತ್ತು. 1998ರಲ್ಲಿ ಅವರ ಕೈಹಿಡಿದ ಜಾನ್ ಶಾ ಅವರು ಸುಮಾರು 20 ಲಕ್ಷ ಡಾಲರ್ ಹೊಂದಿಸಿ ಐ.ಸಿ.ಐ. ಬಳಿಯಿದ್ದ ಷೇರುಗಳನ್ನು ಕೊಂಡರು. ಜಾನ್ ಶಾ ಅದಕ್ಕೆ ಮೊದಲು ಹೊಲಿಗೆ ದಾರದ ಕಂಪೆನಿಯಾದ ಮಧುರಾ ಕೋಟ್ಸ್‌ನ ಮುಖ್ಯಸ್ಥರಾಗಿದ್ದವರು ಎಂಬುದು ನೂಲಿನ ಊರಿನವರಾದ ನಮಗೆ ಆಸಕ್ತಿಯ ಸಂಗತಿ. ಅವರು 2022ರಲ್ಲಿ ನಿಧನರಾದರು.

ನಮ್ಮ ಪಾಲುದಾರಿಕೆ ಪತ್ರಗಳಲ್ಲಿ ಈ ಸಂದರ್ಭಕ್ಕೆ ಒಂದು ವಾಕ್ಯವಾದರೂ ಇರುತ್ತದೆಯೇ? ಬಹುತೇಕ ಪತ್ರಗಳು ಇಪ್ಪತ್ತು ವರ್ಷದ ಹಿಂದಿನ ಯಾವುದೋ ಮಾದರಿಯ ನಕಲು. ಪಾಲುದಾರರೊಬ್ಬರು ಹೊರಹೋಗುವಾಗ ಉಳಿದವರಿಗೆ ಮೊದಲು ಕೊಳ್ಳುವ ಹಕ್ಕು ಇದೆಯೇ, ಬೆಲೆ ನಿರ್ಧಾರ ಹೇಗೆ, ಎಷ್ಟು ತಿಂಗಳಲ್ಲಿ ಹಣ ಪಾವತಿ, ಪಾಲುದಾರರು ನಿಧನರಾದರೆ ಅವರ ಮಕ್ಕಳು ಪಾಲುದಾರರಾಗುತ್ತಾರೆಯೇ ಅಥವಾ ಹಣ ಪಡೆದು ಹೊರಗುಳಿಯುತ್ತಾರೆಯೇ, ಇದೊಂದೂ ಬರೆದಿರುವುದಿಲ್ಲ. ಬರೆಯಲು ಸಂಕೋಚ, ‘ಅಣ್ಣ ತಮ್ಮಂದಿರ ಮಧ್ಯೆ ಅದೆಲ್ಲ ಯಾಕೆ ಸಾರ್’ ಎನ್ನುತ್ತಾರೆ. ಅಣ್ಣತಮ್ಮಂದಿರ ಮಧ್ಯೆ ಬರೆಯದೆ ಇದ್ದುದರಿಂದಲೇ ಕನಕಪುರ, ಮಾಗಡಿಗಳ ನ್ಯಾಯಾಲಯಗಳಲ್ಲಿ ವಕೀಲರಿಗೆ ಕೈತುಂಬ ಕೆಲಸ.

ಬಯೋಕಾನ್‌ನ ಮೊದಲ ಇಪ್ಪತ್ತೈದು ವರ್ಷಗಳಲ್ಲಿ ಹೊರಗಿನ ಹೂಡಿಕೆ ಎಷ್ಟು ಕಡಿಮೆ ಎಂಬುದು ಆಶ್ಚರ್ಯ ಹುಟ್ಟಿಸುತ್ತದೆ. 1984ರ ಹೊತ್ತಿಗೆ ಸ್ವಂತ ಸಂಶೋಧನೆ ಆರಂಭವಾಗಿತ್ತು. 1987ರಲ್ಲಿ ಐ.ಸಿ.ಐ.ಸಿ.ಐ.ನ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ಸುಮಾರು ಎರಡೂವರೆ ಲಕ್ಷ ಡಾಲರ್ ಸಾಹಸ ಬಂಡವಾಳ ದೊರೆತು, ಜಪಾನಿನ ಕ್ರಮವನ್ನು ಅನುಸರಿಸಿ ತಟ್ಟೆಗಳಲ್ಲಿ ಹುದುಗಿಸುವ ಘನ ಮಾಧ್ಯಮ ತಂತ್ರಜ್ಞಾನದ ಹೊಸ ಘಟಕ ಸ್ಥಾಪನೆಯಾಯಿತು. ವಾಘುಲ್ ಅವರು ಯಾವ ಕ್ಯಾಮೆರಾದ ಮುಂದೆಯೂ ಈ ತೀರ್ಮಾನ ಕೈಗೊಳ್ಳಲಿಲ್ಲ. ಹಣ ಬಂದದ್ದು ಪ್ರಯೋಗಶಾಲೆಯ ಕೆಲಸ ಕಣ್ಣಿಗೆ ಕಾಣುವಂತಾದ ಮೇಲೆ, ನಿರ್ದಿಷ್ಟ ಉದ್ದೇಶಕ್ಕಾಗಿ. ಹುದುಗುವಿಕೆಯ ತೊಟ್ಟಿಗಳಿಗೆ ಅಡೆತಡೆಯಿಲ್ಲದ ವಿದ್ಯುತ್, ಶುದ್ಧ ನೀರು ಬೇಕು. ಆ ದಶಕದ ಬೆಂಗಳೂರಿನಲ್ಲಿ ಅವೆರಡೂ ದುರ್ಲಭ. ಹಾರೋಹಳ್ಳಿ, ಬಿಡದಿಯ ಕೈಗಾರಿಕಾ ಪ್ರದೇಶಗಳಲ್ಲಿ ಘಟಕ ನಡೆಸುವ ನಮ್ಮ ಸದಸ್ಯರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ನಂತರದ ಬೆಳವಣಿಗೆ ವೇಗದ್ದು. 1994ರಲ್ಲಿ ಸಂಶೋಧನಾ ಸೇವೆಗೆಂದು ಸಿಂಜೀನ್, 2000ದಲ್ಲಿ ಔಷಧ ಪರೀಕ್ಷೆಗೆಂದು ಕ್ಲಿನಿಜೀನ್. ಕೊಲೆಸ್ಟರಾಲ್ ತಗ್ಗಿಸುವ ಲೊವಾಸ್ಟಾಟಿನ್ ತಯಾರಿಕೆಗೆ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ. ಯೀಸ್ಟ್ ಜಾತಿಯ ಜೀವಿಯಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ‘ಇನ್ಸುಜೆನ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಬಿಯರ್ ಹುದುಗಿಸುವ ವಿದ್ಯೆ ಇನ್ಸುಲಿನ್ ಹುದುಗಿಸುವ ವಿದ್ಯೆಯಾಯಿತು ಎಂದರೆ ತಪ್ಪಾಗಲಾರದು. ಅವರು ಕಸುಬು ಬದಲಿಸಲಿಲ್ಲ, ಸರಕು ಬದಲಿಸಿದರು.

2004ರ ಷೇರು ವಿತರಣೆ ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠವಾಗಿ ಇಡಬೇಕಾದಂಥದ್ದು. ತಲಾ 315 ರೂಪಾಯಿಯಂತೆ ಒಂದು ಕೋಟಿ ಷೇರುಗಳನ್ನು ಸಾರ್ವಜನಿಕರಿಗೆ ನೀಡಿ 315 ಕೋಟಿ ರೂಪಾಯಿ ಸಂಗ್ರಹಿಸಿದರು. ಅರ್ಜಿಗಳು ಸುಮಾರು 33 ಪಟ್ಟು ಬಂದವು. ಬಿಟ್ಟುಕೊಟ್ಟ ಪಾಲು ಕಂಪೆನಿಯ ಸುಮಾರು ಶೇ. 10 ಮಾತ್ರ. ವಹಿವಾಟಿನ ಮೊದಲ ದಿನವೇ ಕಂಪೆನಿಯ ಮಾರುಕಟ್ಟೆ ಮೌಲ್ಯ ನೂರು ಕೋಟಿ ಡಾಲರ್ ದಾಟಿತು. ಈಗ ದೂರದರ್ಶನದ ಲೆಕ್ಕಕ್ಕೆ ಹೋಲಿಸೋಣ. ಹೊಸ ಉದ್ಯಮಿಯೊಬ್ಬರು 50 ಲಕ್ಷ ರೂಪಾಯಿಗೆ ಶೇ. 10 ಪಾಲು ಕೇಳುತ್ತಾರೆ. ಅಂದರೆ ಕಂಪೆನಿಯ ಮೌಲ್ಯ 5 ಕೋಟಿ ಎಂದು ಅವರ ಹೇಳಿಕೆ. ಹೂಡಿಕೆದಾರರು 50 ಲಕ್ಷಕ್ಕೆ ಶೇ. 25 ಕೇಳುತ್ತಾರೆ, ಮೌಲ್ಯ 2 ಕೋಟಿಗೆ ಇಳಿಯಿತು. ಚಪ್ಪಾಳೆಯ ನಡುವೆ ಒಪ್ಪಿಗೆ. ಮುಂದಿನ ಸುತ್ತಿನಲ್ಲಿ ಇನ್ನೊಬ್ಬರಿಗೆ ಶೇ. 20, ಅದರ ಮುಂದೆ ಮತ್ತೆ ಶೇ. 20. ಮೂರು ಸುತ್ತು ಮುಗಿಯುವ ಹೊತ್ತಿಗೆ ಸ್ಥಾಪಕರ ಪಾಲು ನೂರರಿಂದ 75, 75ರಿಂದ 60, 60ರಿಂದ 48. ಬಹುಮತ ಹೋಯಿತು. ಮಾರಾಟ ಇನ್ನೂ ಕೋಟಿ ಮುಟ್ಟಿರುವುದಿಲ್ಲ.

ಹೊರಗಿನ ಬಂಡವಾಳ ಪಾಪವೆಂದು ನಾನು ಹೇಳುತ್ತಿಲ್ಲ. ಹತ್ತು ವರ್ಷ ಸಂಶೋಧನೆಗೇ ಬೇಕಾಗುವ ಉದ್ಯಮ ಸಾಲದ ಹಣದಿಂದ ನಡೆಯದು, ಬಡ್ಡಿಗೆ ತಾಳ್ಮೆಯಿಲ್ಲ. ಆದರೆ ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಘಟಕಕ್ಕೆ ಬೇಕಾದದ್ದು ಹೊಸ ಪಾಲುದಾರರಲ್ಲ, ದುಡಿಯುವ ಬಂಡವಾಳ. ಮರ ಒಣಗಬೇಕು, ಹಬ್ಬದ ಆರ್ಡರ್‌ಗೆ ನಾಲ್ಕು ತಿಂಗಳು ಮೊದಲೇ ಮಾಲು ಸಿದ್ಧವಾಗಬೇಕು, ಅಂಗಡಿಯವರು ಹಣ ಕೊಡುವುದು ಮಾರಿದ ಮೇಲೆ. ರೀಲರ್ ಬಂಧುಗಳ ಸ್ಥಿತಿಯೂ ಇದೇ. ಮಾರುಕಟ್ಟೆಯಲ್ಲಿ ಗೂಡು ಕೂಗಿದ ದಿನವೇ ರೈತರಿಗೆ ಹಣ ಸಂದಾಯವಾಗಬೇಕು, ನೂಲಿನ ಹಣ ಬರುವುದು ಯಾವಾಗಲೋ. ಈ ಅಂತರವನ್ನು ತುಂಬಲು ಮಾಲೀಕತ್ವವನ್ನು ಮಾರುವುದು, ಮಳೆಗಾಲದ ಬಾಡಿಗೆಗೆಂದು ಮನೆಯನ್ನೇ ಮಾರಿದಂತೆ. ಸಣ್ಣ ಉತ್ಪಾದಕರಿಗೆ 45 ದಿನಗಳೊಳಗೆ ಹಣ ಪಾವತಿಸದ ಖರೀದಿದಾರರಿಗೆ ಆ ವರ್ಷ ಅದರ ಆದಾಯ ತೆರಿಗೆ ಕಡಿತ ಸಿಗದೆಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಉದ್ಯಮ್ ನೋಂದಣಿಯಿಲ್ಲದ ಉತ್ಪಾದಕರು ಅದರ ಪ್ರಯೋಜನ ಕೇಳುವಂತಿಲ್ಲ. ನೋಂದಣಿ ಉಚಿತ. ಆದರೂ ನೋಂದಾಯಿಸಿಕೊಳ್ಳದ ಸದಸ್ಯರು ಎಷ್ಟೋ ಮಂದಿ.

ಕಿರಣ್ ಅವರ ಇನ್ನೊಂದು ನಿರ್ಧಾರ ನಮ್ಮ ವ್ಯಾಪಾರಿ ಮನಸ್ಸಿಗೆ ಸುಲಭವಾಗಿ ಒಗ್ಗುವುದಿಲ್ಲ. 2007ರಲ್ಲಿ ಅವರು ಕಿಣ್ವಗಳ ವಿಭಾಗವನ್ನು, ಅಂದರೆ ಗ್ಯಾರೇಜಿನಲ್ಲಿ ಹುಟ್ಟಿದ ಮೂಲ ವ್ಯಾಪಾರವನ್ನೇ, ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆಗೆ 11.5 ಕೋಟಿ ಡಾಲರ್‌ಗೆ ಮಾರಿದರು. ನಮ್ಮಲ್ಲಾದರೆ ಅದು ‘ಲಕ್ಷ್ಮಿ ಬಂದ ಬಾಗಿಲು’. ಎಷ್ಟೇ ನಷ್ಟವಾದರೂ ಮುಚ್ಚುವುದಿಲ್ಲ, ಮಾರುವುದಂತೂ ಇಲ್ಲ. ಅವರು ಅದನ್ನು ಲಾಭವಿರುವಾಗಲೇ, ಕೊಳ್ಳುವವರು ಹುಡುಕಿಕೊಂಡು ಬರುವಾಗಲೇ ಮಾರಿ, ಹಣವನ್ನು ಔಷಧ ವಿಭಾಗಕ್ಕೆ ಹಾಕಿದರು. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ಔಷಧದ ಸಮರೂಪಿ ಆವೃತ್ತಿಯನ್ನು 2014ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದರು; 2017ರಲ್ಲಿ ಅದಕ್ಕೆ ಅಮೆರಿಕದ ಅನುಮೋದನೆಯೂ ಬಂದಿತು. 2015ರಲ್ಲಿ ಸಿಂಜೀನ್ ಪ್ರತ್ಯೇಕವಾಗಿ ಷೇರುಪೇಟೆ ಪ್ರವೇಶಿಸಿತು.

ಎಲ್ಲ ನಿರ್ಧಾರಗಳನ್ನೂ ಕಣ್ಣುಮುಚ್ಚಿ ಮೆಚ್ಚಬೇಕಾಗಿಲ್ಲ. 2022ರಲ್ಲಿ ಅಮೆರಿಕದ ವಿಯಾಟ್ರಿಸ್ ಸಂಸ್ಥೆಯ ಸಮರೂಪಿ ಜೈವಿಕ ಔಷಧಗಳ ವ್ಯವಹಾರವನ್ನು ಸುಮಾರು 330 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿ ಬಯೋಕಾನ್ ಸಮೂಹ ದೊಡ್ಡ ಪ್ರಮಾಣದ ಸಾಲವನ್ನು ಮೈಮೇಲೆ ಎಳೆದುಕೊಂಡಿತು. ಇಪ್ಪತ್ತೈದು ವರ್ಷ ಲಾಭವನ್ನೇ ಬಂಡವಾಳವಾಗಿಸಿ ಬೆಳೆದ ಮನೆತನಕ್ಕೆ ಅದು ಹೊಸ ಬಗೆಯ ಹೆಜ್ಜೆ. ಆ ಸಾಲದ ಬಡ್ಡಿ ನಂತರದ ವರ್ಷಗಳ ಲಾಭವನ್ನು ತಿಂದದ್ದನ್ನು ಷೇರುದಾರರು ಬಲ್ಲರು. ಸ್ವಂತ ಮಾರಾಟ ಜಾಲ ಕೈಗೆ ಬಂದದ್ದು ಅದಕ್ಕೆ ಪ್ರತಿಫಲ. ದರ ಹೆಚ್ಚಾಯಿತೇ ಎಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ನಾನಾಗಿದ್ದರೆ ಇನ್ನಷ್ಟು ಸಣ್ಣ ಹೆಜ್ಜೆ ಇಡಿ ಎಂದು ಸಲಹೆ ನೀಡುತ್ತಿದ್ದೆ. ಲೆಕ್ಕಿಗರ ಸಲಹೆ ಕೇಳಿದ್ದರೆ 1978ರಲ್ಲಿ ಗ್ಯಾರೇಜನ್ನೂ ತೆರೆಯುತ್ತಿರಲಿಲ್ಲ ಎಂದು ಅವರು ಉತ್ತರಿಸಬಹುದು!

1989ರಲ್ಲಿ ಪದ್ಮಶ್ರೀ, 2005ರಲ್ಲಿ ಪದ್ಮಭೂಷಣ, ಬೆಂಗಳೂರಿನ ಐ.ಐ.ಎಂ. ಅಧ್ಯಕ್ಷ ಸ್ಥಾನ, ಇನ್ಫೋಸಿಸ್ ಆಡಳಿತ ಮಂಡಳಿಯ ಸ್ವತಂತ್ರ ನಿರ್ದೇಶಕ ಸ್ಥಾನ, ಬೊಮ್ಮಸಂದ್ರದ ಕ್ಯಾನ್ಸರ್ ಆಸ್ಪತ್ರೆ, ಇವೆಲ್ಲ ಓದುಗರಿಗೆ ತಿಳಿದವೇ. ಕ್ಯಾನ್ಸರ್ ಚಿಕಿತ್ಸೆಯ ಹೊಸ ಕಂಪೆನಿಯಾದ ಇಮ್ಯುನೀಲ್‌ನ ಸ್ಥಾಪಕರಲ್ಲಿ ಒಬ್ಬರಾಗಿ ಅವರೀಗ ಹೂಡಿಕೆದಾರರ ಪಾತ್ರದಲ್ಲಿಯೂ ಇದ್ದಾರೆ. ಅಲ್ಲಿಯೂ ಅವರು ಹಣ ಹಾಕುವುದು ತಮಗೆ ಗೊತ್ತಿರುವ ಕ್ಷೇತ್ರದಲ್ಲಿ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಮಹಿಳೆಯರ ವಿಷಯ. ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ದಿನವಿಡೀ ಕೂರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಹುಳು ಸಾಕಣೆಯ ಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕುವವರು ಅವರೇ. ಲೈಸೆನ್ಸ್ ಮಾತ್ರ ಗಂಡಸರ ಹೆಸರಿನಲ್ಲಿ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವರ್ಗವಿದೆ: ಕಾಗದದ ಮೇಲೆ ಮಹಿಳೆ ಮಾಲೀಕರು, ವಾಸ್ತವದಲ್ಲಿ ಅವರು ಕಾರ್ಖಾನೆಯ ಗೇಟನ್ನೂ ನೋಡಿಲ್ಲ. ಸಹಾಯಧನ, ಬಡ್ಡಿ ರಿಯಾಯಿತಿ, ನಿವೇಶನ ಹಂಚಿಕೆಯ ಮೀಸಲಾತಿಗಾಗಿ ಪತ್ನಿಯ ಹೆಸರು ಬಳಕೆಯಾಗುತ್ತದೆ. ಇದನ್ನು ಬುದ್ಧಿವಂತಿಕೆ ಎಂದು ಭಾವಿಸುವ ಸದಸ್ಯರಿಗೆ ಎರಡು ವಿಷಯ ನೆನಪಿಸುತ್ತೇನೆ. ಪತಿಯೇ ಕೊಟ್ಟ ಹಣದಿಂದ ಪತ್ನಿಯ ಹೆಸರಿನಲ್ಲಿ ಉದ್ಯಮ ಆರಂಭಿಸಿದರೆ ಅದರಿಂದ ಬರುವ ಆದಾಯವನ್ನು ಪತಿಯ ಆದಾಯಕ್ಕೆ ಸೇರಿಸಿ ತೆರಿಗೆ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಉಳಿತಾಯವೆಂದು ಮಾಡಿದ್ದು ನೋಟಿಸಾಗಿ ಬರುತ್ತದೆ. ಎರಡನೆಯದು ಇನ್ನೂ ಗಂಭೀರ. ಸಾಲಪತ್ರಕ್ಕೆ ಸಹಿ ಹಾಕಿದವರು ಆ ಹೆಣ್ಣುಮಗಳು. ಖಾತೆ ಕೆಟ್ಟರೆ ಬ್ಯಾಂಕಿನ ವಸೂಲಿ ಬರುವುದು ಅವರ ಮೇಲೆ, ಅವರ ತವರಿನ ನಿವೇಶನದ ಮೇಲೆ. ತಾನು ಯಾವುದಕ್ಕೆ ಸಹಿ ಹಾಕಿದೆ ಎಂಬುದೇ ತಿಳಿಯದೆ, ಪತಿ ತೀರಿಹೋದ ಮೇಲೆ ನೋಟಿಸ್ ಹಿಡಿದು ಬಂದ ವಿಧವೆಯರನ್ನು ನನ್ನ ವೃತ್ತಿಜೀವನದಲ್ಲಿ ಒಬ್ಬರಿಗಿಂತ ಹೆಚ್ಚು ಬಾರಿ ಕಂಡಿದ್ದೇನೆ. ಲಾಭದಲ್ಲಿ ಪಾಲಿಲ್ಲದೆ ಹೊಣೆಯಲ್ಲಿ ಮಾತ್ರ ಪೂರ್ಣ ಪಾಲು ಎಂಬ ಈ ವ್ಯವಸ್ಥೆಗೆ ನಾವೆಲ್ಲರೂ ಸಾಕ್ಷಿ ಸಹಿ ಹಾಕುತ್ತಿದ್ದೇವೆ.

ನಿಜವಾಗಿ ಉದ್ಯಮ ನಡೆಸುವ ಮಹಿಳೆ ಸಾಲ ಕೇಳಲು ಹೋದರೆ? ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 10 ಲಕ್ಷ ರೂಪಾಯಿವರೆಗೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿಯೇ ಬ್ಯಾಂಕುಗಳಿಗೆ ನಿರ್ದೇಶನ ನೀಡಿದೆ. 2000ದಲ್ಲಿ ಸ್ಥಾಪನೆಯಾದ ಸಾಲ ಖಾತರಿ ನಿಧಿ, ನಮ್ಮ ವ್ಯವಹಾರದ ಭಾಷೆಯಲ್ಲಿ ಸಿ.ಜಿ.ಟಿ.ಎಂ.ಎಸ್.ಇ., ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಭದ್ರತೆ ಒದಗಿಸುತ್ತದೆ. ಅದರ ಮಿತಿಯನ್ನು 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿಸಲಾಗಿದೆ. ಮಹಿಳಾ ಉದ್ಯಮಿಗಳಿಗೆ ಖಾತರಿಯ ಪ್ರಮಾಣ ಹೆಚ್ಚು, ಶುಲ್ಕ ಕಡಿಮೆ. ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ಶಾಖೆಯಲ್ಲಿ ಕೇಳುವ ಮೊದಲ ಪ್ರಶ್ನೆ ಬದಲಾಗಿಲ್ಲ: ‘ಯಜಮಾನರು ಬರಲಿಲ್ಲವೇ ಅಮ್ಮಾ?’ 1978ರಲ್ಲಿ ಬೆಂಗಳೂರಿನ ಪದವೀಧರೆಗೆ ಎದುರಾದ ಪ್ರಶ್ನೆ ಇಂದು ಮಾಗಡಿಯ ಬೇಕರಿ ಮಾಲೀಕರಿಗೆ ಎದುರಾಗುತ್ತಿದೆ. ಮೊದಲನೆಯವರಿಗೆ ಸಮಾರಂಭವೊಂದರಲ್ಲಿ ದಾರಿ ಸಿಕ್ಕಿತು. ಎರಡನೆಯವರಿಗೆ ಆ ಸಮಾರಂಭವನ್ನು ಏರ್ಪಡಿಸಬೇಕಾದವರು ನಾವು, ಅಂದರೆ ಈ ವಾಣಿಜ್ಯ ಮಂಡಳಿ. ಮಹಿಳಾ ಉದ್ಯಮಿಗಳಿಗೆಂದೇ ‘ಅವೇಕ್’ ಸಂಸ್ಥೆ ಬೆಂಗಳೂರಿನಲ್ಲಿ 1983ರಲ್ಲಿಯೇ ಸ್ಥಾಪನೆಯಾಯಿತು. ನಮ್ಮ ಮಂಡಳಿಯ ಸಭೆಗಳಲ್ಲಿ ಮಹಿಳಾ ಸದಸ್ಯರ ಸಾಲು ಇಂದಿಗೂ ಒಂದೇ, ಅದೂ ಪೂರ್ತಿ ತುಂಬಿರುವುದಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಇಡುತ್ತಿದ್ದೇನೆ. ಜಿಲ್ಲೆಯ ಲೀಡ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಪರಿಶೀಲನಾ ಸಭೆ ನಡೆಸುತ್ತದೆ. ಮುಂದಿನ ಸಭೆಗೆ ಮುನ್ನ ಮಂಡಳಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋಗಲಿ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪ್ರತಿಯೊಂದು ಶಾಖೆಯಲ್ಲಿ ಕಳೆದ ಆರ್ಥಿಕ ವರ್ಷ ಸಾಲ ಖಾತರಿ ಯೋಜನೆಯಡಿ ಮಹಿಳೆಯರಿಂದ ಬಂದ ಅರ್ಜಿಗಳೆಷ್ಟು, ಮಂಜೂರಾದವೆಷ್ಟು, ತಿರಸ್ಕರಿಸಿದ ಅರ್ಜಿಗಳಿಗೆ ಲಿಖಿತ ಕಾರಣ ನೀಡಲಾಗಿದೆಯೇ ಎಂದು ಕೇಳಲಿ. ಪತ್ರದ ಕರಡನ್ನು ನಾನು ಸಿದ್ಧಪಡಿಸಿಕೊಡುತ್ತೇನೆ. ಉತ್ತರ ಬಂದ ಮೇಲೆ ಶಾಖಾವಾರು ಪಟ್ಟಿಯನ್ನು ಇದೇ ಪತ್ರಿಕೆಯ ಪುಟದಲ್ಲಿ ಪ್ರಕಟಿಸಲು ಸಂಪಾದಕರು ಒಪ್ಪುವರೆಂದು ನಂಬಿದ್ದೇನೆ. ಉತ್ತರ ಬಾರದಿದ್ದರೆ ಪತ್ರವನ್ನೇ ಪ್ರಕಟಿಸಬಹುದು.